ಹೊರಡುವ ಹೊತ್ತಿಗೆ ಹೊಸದೇನೂ ಬೇಡ

ದೂರದ ಪ್ರಯಾಣಕ್ಕೆ ಹಳೆಯ ಕಾರನ್ನು ಅಣಿಗೊಳಿಸುವವರಲ್ಲಿ ಹಲವರು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸಿಬಿಡುತ್ತಾರೆ. ನನ್ನ ಹಠ ಇದಕ್ಕೆ ತದ್ವಿರುದ್ಧ. ವರ್ಷಗಟ್ಟಲೆ ಓಡಿ ತನ್ನ ಯೋಗ್ಯತೆ ತೋರಿಸಿದ ಭಾಗವನ್ನು ನಂಬುತ್ತೇನೆ. ನಿನ್ನೆ ಡಬ್ಬದಿಂದ ತೆಗೆದು ಕೂರಿಸಿದ್ದನ್ನು ನಂಬುವುದಿಲ್ಲ.

ನನ್ನದು 1966ರ ಎಂಜಿಬಿ ರೋಡ್‌ಸ್ಟರ್, ಬ್ರಿಟನ್ನಿನ ಎರಡು ಸೀಟಿನ ತೆರೆದ ಕಾರು. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಂಪನಿಯ ಜೋಡಿ ಕಾರ್ಬ್ಯುರೇಟರ್, ಕಡ್ಡಿಗಳ ಚಕ್ರ. ಇಂಥ ಕಾರು ದಾರಿಯಲ್ಲಿ ನಿಂತರೆ ಬಹುಮಟ್ಟಿಗೆ ತಪ್ಪಿತಸ್ಥರು ಪಿಸ್ಟನ್ನೋ ಕ್ರ್ಯಾಂಕೋ ಆಗಿರುವುದಿಲ್ಲ; ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ಬೆರಳುಗಾತ್ರದ ವಸ್ತುಗಳಾಗಿರುತ್ತವೆ. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಕಂಡೆನ್ಸರುಗಳಲ್ಲಿ ಇತ್ತೀಚೆಗೆ ತಯಾರಾದ ಕೆಲವು ಎಂಜಿನ್ ತಣ್ಣಗಿರುವಾಗ ಸಾಧುವಾಗಿದ್ದು, ಬಿಸಿ ಏರಿದ ಮೇಲೆ ಕೈಕೊಡುತ್ತವೆ. ತಿರುಗುತ್ತ ಕಿಡಿ ಹಂಚುವ ರೋಟರ್ ಆರ್ಮ್‌ಗಳಲ್ಲಿ ಅಗ್ಗದವಾದರೆ ಹಿತ್ತಾಳೆ ಪಟ್ಟಿಯನ್ನು ಹಿಡಿದ ರಿವೆಟ್ಟಿನ ಮೂಲಕ ಕಿಡಿ ನೇರವಾಗಿ ಶಾಫ್ಟಿಗೆ ಇಳಿದುಬಿಡುತ್ತದೆ. ಹಾಗಾಗಿ ಹೊಸ ಕಂಡೆನ್ಸರ್, ರೋಟರ್, ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್‌ಗಳನ್ನು ತಿಂಗಳುಗಳ ಮೊದಲೇ ಹಾಕಿ ದಿನನಿತ್ಯದ ಓಡಾಟದಲ್ಲಿ ಚೆನ್ನಾಗಿ ದುಡಿಸುತ್ತೇನೆ. ಪಾಸಾದವನ್ನು ಬಿಚ್ಚಿ, ಹಳೆಯದನ್ನೇ ಮತ್ತೆ ಜೋಡಿಸಿ, ಪಾಯಿಂಟಿನ ಅಂತರವನ್ನು 0.38 ಮಿಲಿಮೀಟರಿಗೆ ಹೊಂದಿಸುತ್ತೇನೆ. ಬಿಚ್ಚಿದ್ದು ಬಿಡಿಭಾಗಗಳ ಚೀಲಕ್ಕೆ ಹೋಗುತ್ತದೆ. ಪರೀಕ್ಷೆಯಾಗದ ಬಿಡಿಭಾಗವನ್ನು ಹೊತ್ತೊಯ್ಯುವುದೆಂದರೆ ಬರಿಯ ಭಾರ ಹೊತ್ತಂತೆ.

ಈ ಹಠವನ್ನು ನಾನೇ ಮುರಿಯುವುದು ರಬ್ಬರು ಮತ್ತು ಬ್ರೇಕ್ ದ್ರವದ ವಿಷಯದಲ್ಲಿ. ಕಾರು ನಿಂತಲ್ಲೇ ನಿಂತಿದ್ದರೂ ಇವೆರಡಕ್ಕೂ ವಯಸ್ಸಾಗುತ್ತದೆ. ಬ್ರೇಕ್ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ದ್ರವಕ್ಕೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ತಾಗುತ್ತದೆ. ನನ್ನ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಬ್ರೇಕ್ ಸರ್ಕ್ಯೂಟ್; ಒಂದು ಕಡೆ ಸೋರಿದರೆ ಎಲ್ಲವೂ ಹೋಯಿತು. ಆದ್ದರಿಂದ ದ್ರವವನ್ನೂ ಬ್ರೇಕಿನ ರಬ್ಬರ್ ಕೊಳವೆಗಳನ್ನೂ ಮುಲಾಜಿಲ್ಲದೆ ಬದಲಿಸುತ್ತೇನೆ. ಹೊರಗಿನಿಂದ ನುಣುಪಾಗಿ ಕಾಣುವ ಕೊಳವೆ ಒಳಗೆ ಊದಿಕೊಂಡಿದ್ದರೆ, ಪೆಡಲಿನಿಂದ ಕಾಲು ತೆಗೆದ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ. ಪೆಟ್ರೋಲ್ ಕೊಳವೆಗಳಿಗೂ ಇದೇ ನ್ಯಾಯ: ಹಳೆಯ ಕಾಲದ ರಬ್ಬರು ಎಥೆನಾಲ್ ಬೆರೆತ ಇಂಧನಕ್ಕೆ ತಾಳುವುದಿಲ್ಲ. ಟಯರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತನ್ನೂ ಓದುತ್ತೇನೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿದ್ದ ಮಾತ್ರಕ್ಕೆ ಟಯರು ಎಳೆಯದೆಂದಲ್ಲ.

ಚಕ್ರದ ಕಡ್ಡಿಗಳನ್ನು ಪರೀಕ್ಷಿಸುವುದು ನನಗೆ ತುಂಬ ಇಷ್ಟದ ಕೆಲಸ. ಸಣ್ಣ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟುತ್ತ ಹೋಗಬೇಕು. ಬಿಗಿಯಾಗಿದ್ದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಉತ್ತರಿಸುತ್ತದೆ. ಚಕ್ರ ಬಿಚ್ಚಿದಾಗಲೇ ಹಬ್ಬಿನ ಹಲ್ಲುಗಳಿಗೆ ಗ್ರೀಸ್ ಸವರಿ, ಮುಂಚಕ್ರಗಳು ತಿರುಗಲು ಆಧಾರವಾದ ಕಿಂಗ್‌ಪಿನ್ನಿನ ಗ್ರೀಸ್ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೂ ಹೊಸದನ್ನು ತುಂಬುತ್ತೇನೆ.

ವಿದ್ಯುತ್ತಿನದ್ದೇ ಬೇರೆ ಲೋಕ. ಈ ಕಾರಿನಲ್ಲಿ ಲೋಹದ ಮೈಯೇ ಧನ ತುದಿ; ಇಂದಿನ ಕಾರುಗಳಲ್ಲಿ ಅದು ಋಣ ತುದಿ. ಇವತ್ತಿನ ಮೊಬೈಲ್ ಚಾರ್ಜರಿನ ಸಾಕೆಟ್ಟನ್ನು ಅದರ ಪಾಡಿಗೆ ಮೈಗೆ ಜೋಡಿಸಿದರೆ ಧನ–ಋಣ ತಿರುವುಮುರುವಾಗುತ್ತದೆ. ಅದಕ್ಕೆಂದೇ ಸಾಕೆಟ್ಟನ್ನು ಮೈಯಿಂದ ಪ್ರತ್ಯೇಕಿಸಿ, ಎರಡು ಬೇರೆ ತಂತಿಗಳನ್ನು ಎಳೆದಿದ್ದೇನೆ. ಸೀಟಿನ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿಗಳಿವೆ. ಅವುಗಳ ತುದಿಗಳನ್ನು ಉಜ್ಜಿ ಹೊಳೆಯಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಬ್ಯಾಟರಿ ತುಂಬುವ ಡೈನಮೋ ಗರಿಷ್ಠ 22 ಆಂಪಿಯರ್ ಕೊಡುತ್ತದೆ, ಐಡಲಿಂಗ್‌ನಲ್ಲಿ ಹೆಚ್ಚೂಕಡಿಮೆ ಏನೂ ಇಲ್ಲ. ಮಳೆಯ ರಾತ್ರಿ ದೀಪ, ವೈಪರ್, ಹೀಟರಿನ ಫ್ಯಾನು ಎಲ್ಲವನ್ನೂ ಹಾಕಿಕೊಂಡು ವಾಹನಗಳ ಸಾಲಿನಲ್ಲಿ ನಿಂತರೆ ಬ್ಯಾಟರಿಯೇ ಕೈಯಿಂದ ಖರ್ಚು ಮಾಡಬೇಕು. ಆಧುನಿಕ ಆಲ್ಟರ್ನೇಟರ್ ಹಾಕಿಸು ಎನ್ನುವ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ನಾನು ಮಾತ್ರ ಹಗಲಿನಲ್ಲೇ ಓಡಿಸುತ್ತೇನೆ.

ಇನ್ನು ಸಾಮಾನು. ಡಿಕ್ಕಿಯ ಬಹುಪಾಲು ಸ್ಟೆಪ್ನಿಗೆ ಮೀಸಲು. ಗಟ್ಟಿ ಸೂಟ್‌ಕೇಸಿನ ಆಸೆ ಬಿಟ್ಟು, ಮೂಲೆಗೆ ತುರುಕಬಹುದಾದ ಮೆತ್ತನೆಯ ಚೀಲಗಳನ್ನು ತರಬೇಕು. ಫ್ಯಾನ್ ಬೆಲ್ಟ್, ರೇಡಿಯೇಟರ್ ಕೊಳವೆ, ತಂತಿ, ಬಲ್ಬು, ಎಂಜಿನ್ ಆಯಿಲ್, ಜೊತೆಗೊಂದು ಮರದ ಸುತ್ತಿಗೆ. ಸುತ್ತಿಗೆ ಯಾಕೆಂದು ಹೆಂಡತಿ ಕೇಳಿದಳು. ಹಿಂಬದಿಯಲ್ಲಿರುವ ಎಸ್‌ಯು ಪೆಟ್ರೋಲ್ ಪಂಪಿನ ಟಿಕ್ ಟಿಕ್ ನಿಂತರೆ ಒಳಗಿನ ಪಾಯಿಂಟ್‌ಗಳು ಅಂಟಿರಬಹುದು, ಮೆಲ್ಲಗೆ ಒಂದೇಟು ಕೊಟ್ಟರೆ ಎಷ್ಟೋ ಸಲ ಮತ್ತೆ ಶುರುವಾಗುತ್ತದೆ ಎಂದೆ. ಅವಳು ತನ್ನ ಚೀಲದಿಂದ ಒಂದು ಜೊತೆ ಚಪ್ಪಲಿ ತೆಗೆದು ಸುತ್ತಿಗೆಗೆ ಜಾಗ ಮಾಡಿಕೊಟ್ಟಳು. ಪಂಪು ಸೀಟಿನ ಹಿಂದೆ ಅವಳ ಕಡೆಗೇ ಇದೆಯೋ ನನ್ನ ಕಡೆಗೋ ಎಂದು ಮಾತ್ರ ಎರಡು ಬಾರಿ ವಿಚಾರಿಸಿದಳು.