ಪಂಫುಲ್ಯ

ಹಾಸ್ಟೆಲಿನಲ್ಲಿ ನನಗೆ ‘ಪಂಫುಲ್ಯ’ ಅಂತ ಅಡ್ಡಹೆಸರು. ಇಬ್ಬರು ಗೆಳತಿಯರು ಈಗಲೂ ಹಾಗೇ ಕರೆಯುತ್ತಾರೆ. ಅದಕ್ಕೆ ಕಾರಣ 1987ರ ಜೂನ್ 7.

ಅವತ್ತು ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬ, ಭಾನುವಾರ. ರಜೆ ಮುಗಿಸಿ ಆಗಷ್ಟೇ ಬಂದಿದ್ದೆವು. ನಾನು ಎಂಟನೇ ಕ್ಲಾಸು. ಚರ್ಚಿನ ಪೂಜೆಯಲ್ಲಿ ಮೊದಲನೆಯ ವಾಚನ, ಅಂದರೆ ಬೈಬಲ್ಲಿನ ಭಾಗವನ್ನು ಗಟ್ಟಿಯಾಗಿ ಓದುವುದು, ನನ್ನದು. ಆ ಹಬ್ಬಕ್ಕೆ ಪ್ರತಿ ವರ್ಷ ಬೈಬಲ್ಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಪುಸ್ತಕದ ಎರಡನೇ ಅಧ್ಯಾಯವೇ. ಅದರಲ್ಲಿ ಕಪ್ಪದೋಕ್ಯ, ಪೊಂತ, ಫ್ರುಗ್ಯ, ಪಂಫುಲ್ಯ ಅಂತ ನಾಡುಗಳ ಸಾಲೇ ಇದೆ. ಫ್ರುಗ್ಯ ಹೇಗೋ ದಾಟಿದೆ. ಆಮೇಲೆ ಬಾಯಿಗೆ ಬಂದದ್ದು ‘ಪಂಪು’. ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೋರ್‌ವೆಲ್ ಪಂಪು, ಅಲ್ವಾ!

ಸಿಸ್ಟರ್ ಬೈಯಲಿಲ್ಲ. ಗುರುವಾರ ಸಂಜೆ ಖಾಲಿ ಚರ್ಚಿಗೆ ಕರೆದುಕೊಂಡು ಹೋದರು. ನನ್ನನ್ನು ವಾಚನಪೀಠದ ಮುಂದೆ ನಿಲ್ಲಿಸಿ, ತಾವು ಕಟ್ಟಕಡೆಯ ಬೆಂಚಿನಲ್ಲಿ ಕೂತರು. ಆಗ ನಮ್ಮಲ್ಲಿ ಮೈಕ್ ಇರಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ. “ಮಗು, ಕೇಳಿಸ್ತಿಲ್ಲ.” ಇನ್ನೊಮ್ಮೆ ಓದಿದೆ. “ಕೇಳಿಸ್ತಿಲ್ಲ.” ಆ ಬೆಂಚಿನಲ್ಲಿ ಭಾನುವಾರ ಕೂರುತ್ತಿದ್ದವರು ಓದು ಬಾರದ ಅಜ್ಜಿಯರು. ಅವರಿಗೆ ನಾವು ಓದಿದ್ದಷ್ಟೇ ಬೈಬಲ್ಲು.

ಮೂರು ವರ್ಷ ಹೀಗೇ ಗುರುವಾರಗಳು. ಪುಸ್ತಕದಲ್ಲಿ ಸೂಚನೆಯ ಕೆಂಪಕ್ಷರ ಕಣ್ಣಿಗೆ, ಕಪ್ಪಕ್ಷರ ಬಾಯಿಗೆ. ‘ಮೊದಲನೆಯ ವಾಚನ’ ಅನ್ನುವ ತಲೆಬರಹವನ್ನು ಓದಬಾರದು. ಓದಿ ಮುಗಿದ ಮೇಲೆ ಎರಡು ಉಸಿರು ನಿಂತು, ಆಮೇಲೆ ‘ಪ್ರಭುವಿನ ವಾಕ್ಯ’. ಸಂತ ಪೌಲರ ಪತ್ರ ಬಂದರೆ ನಮಗೆ ನಡುಕ. ಎಫೆಸದವರಿಗೆ ಬರೆದ ಪತ್ರದ ಶುರುವಿನಲ್ಲಿ, ವಂದನೆ ಆದ ಮೇಲಿನ ಹನ್ನೆರಡು ವಚನ ಮೂಲ ಗ್ರೀಕಿನಲ್ಲಿ ಒಂದೇ ವಾಕ್ಯ. ಕನ್ನಡದಲ್ಲಿ ತುಂಡು ಮಾಡಿದ್ದರೂ ಉಸಿರು ಸಾಲದು. ಎಲ್ಲಿ ನಿಲ್ಲಬೇಕು ಅಂತ ನೋಟ್‌ಬುಕ್ಕಿಗೆ ಬರೆದುಕೊಂಡು ಪೆನ್ಸಿಲ್ ಗೀಟು ಹಾಕುತ್ತಿದ್ದೆವು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು. ಹೈಸ್ಕೂಲು ಮುಗಿಯುವಷ್ಟರಲ್ಲಿ ನಮಗೆ ಒಂದು ಸುತ್ತು ಆಗಿತ್ತು.

ಧೂಪ, ಗಂಟೆ ಎಲ್ಲ ಹುಡುಗರಿಗೆ. ಬಲಿಪೀಠದ ಬಟ್ಟೆ ಒಗೆಯುವುದು ನಮಗೆ. ಪೂಜೆಯ ಪವಿತ್ರ ದ್ರಾಕ್ಷಾರಸದ ಪಾತ್ರೆ ಒರೆಸುವ ಬಟ್ಟೆಯನ್ನು ಮೊದಲು ಅದ್ದಿದ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಹೋಗಬೇಕು. ನಾವು ದಾಸವಾಳದ ಬುಡಕ್ಕೆ ಸುರಿಯುತ್ತಿದ್ದೆವು. ಆ ಕೆಲಸ ನನಗೆ ಇಷ್ಟವಿತ್ತು. ಆದರೂ ಧೂಪದ ಮೇಲೆ ಆಸೆ ಇರಲಿಲ್ಲ ಅಂದರೆ ಸುಳ್ಳು.

ಧೂಪ, ಗಂಟೆಯಂಥ ಬಲಿಪೀಠದ ಸೇವೆಯನ್ನು ಹುಡುಗಿಯರೂ ಮಾಡಬಹುದು, ಅದು ಆಯಾ ಬಿಷಪರಿಗೆ ಬಿಟ್ಟದ್ದು ಅಂತ ರೋಮ್ ಹೇಳಿದ್ದು 1994ರಲ್ಲಿ. ಆಗ ನಾನು ಕಾಲೇಜಿನಲ್ಲಿದ್ದೆ. ಓದುವುದಕ್ಕಂತೂ ನಮಗೆ ಅಡ್ಡಿ ಇರಲಿಲ್ಲ, ಆದರೆ ವಿಧಿಪೂರ್ವಕವಾಗಿ ವಾಚಕರ ಪಟ್ಟ 1972ರ ನಿಯಮದ ಪ್ರಕಾರ ಗಂಡಸರಿಗೆ ಮಾತ್ರ. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನೂ ಹೆಂಗಸರಿಗೆ ತೆರೆದರು.

ಸುದ್ದಿ ಓದಿದ ಕೂಡಲೇ ಸಿಸ್ಟರಿಗೆ ಫೋನ್ ಮಾಡಿದೆ. ಅವರಿಗೆ ಆಗ ಎಂಬತ್ತು ದಾಟಿತ್ತು. ಖುಷಿಯಲ್ಲಿ ಗಡಬಡ ಹೇಳಿದೆ.

“ಮಗು, ಕೇಳಿಸ್ತಿಲ್ಲ.”

ಈ ಸಲ ನಿಜವಾಗ್ಲೂ ಕಿವಿ ಮಂದ. ನಾನು ಎದ್ದು ನಿಂತು, ಉಸಿರು ತಗೊಂಡು, ಮೊದಲಿಂದ ಹೇಳಿದೆ.