ಮುಳುಗಡೆ ಕಥಿ ಕಟ್ಟೂ ಮೊದಲ

‘ಬಾಗಲಕೋಟಿ ಮುಳುಗಡೆ’ (ಆಲಮಟ್ಟಿ ಅಣೆಕಟ್ಟಿನ ಹಿನ್ನೀರಾಗ ಹಳೇ ಊರಿನ ಭಾಗ ಮುಳುಗಿದ್ದು) ಅನ್ನೂದು ವಿಷಯ, ಕಥಿ ಅಲ್ಲ. ಯಾರಿಗೆ ಏನ ಬೇಕು, ಯಾರು ಅಡ್ಡ, ಗಡುವು ಯಾವಾಗ, ಒಂದ ವಾಕ್ಯದಾಗ ಬರೀರಿ: ಅಣ್ಣ ಮುಳುಗಡೆ ಮಂದಿಗೆ ಕಟ್ಟಿದ ನವನಗರದ ಜಾಗಾಕ್ಕ ಒಪ್ಪ್ಯಾನ, ತಂಗಿ ಹಳೇ ಮನಿ ಕೀಲಿ ಕೊಡವಲ್ಲಳು, ನೀರು ಏರಾಕತ್ತೈತಿ.

ಗಡುವು ಆಲಮಟ್ಟಿ ಹಿನ್ನೀರ ಕೊಡತೈತಿ. ಜಲಾಶಯದ ಪೂರ್ಣ ಮಟ್ಟ 519.6 ಮೀಟರ್; ಮಳಿಗಾಲಕ್ಕ ಏರಿ ಬ್ಯಾಸಗಿಗೆ ಇಳಿತೈತಿ. ಪ್ರತಿ ದೃಶ್ಯದ ಪಕ್ಕ ತಿಂಗಳು, ನೀರು ಎಲ್ಲಿಮಟ ಬಂತು ಅನ್ನೂದು ಗುರುತು ಹಾಕ್ಕೋರಿ. ಇಲ್ಲಾಂದ್ರ ಮಾರ್ಚ್‌ನ್ಯಾಗ ಊರು ಮುಳುಗಿಬಿಡತೈತಿ! 3,000 ಪದಕ್ಕ ಆರೇಳು ದೃಶ್ಯ ಸಾಕು.

ಕೆಡೂದು ಮೊದಲ ಪುಟದಾಗನ: ಅಣೆಕಟ್ಟಿನ ಇತಿಹಾಸ ಸುರವತಾರ. ಪಾತ್ರದ ಬಾಯಾಗ ತುರುಕಿದ್ರೂ ಅದು ಭಾಷಣನ. ಕೀಲಿ ಜಗಳದಿಂದ ಶುರು ಮಾಡ್ರಿ, ಪರಿಹಾರದ ರೊಕ್ಕದ ಮಾತು ಮೂರನೇ ದೃಶ್ಯಕ್ಕ ಬರಲಿ.