ಎಲ್ರದ್ದೂ ಒಂದೇ, ನಂದೊಂದೇ ಬೇರೆ

ಮಂಗಳವಾರ ರಾತ್ರಿ ಕೇಳಿದ ಒಂದು ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. "ಎಲ್ರದ್ದೂ ಒಂದೇ ಥರ ಐತಲ್ಲವ್ವ, ನಂದೊಂದೇ ಬೇರೆ."

ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಮೈಸೂರಿನ ಆಸ್ಪತ್ರೆಯ ಎರಡನೇ ಮಹಡಿ. ರಾತ್ರಿ ಜೊತೆಗೆ ನಾನು ಉಳಿದಿದ್ದೆ. ವಾರ್ಡಿನ ಹೊರಗೆ ಒಂದು ಉದ್ದದ ಬೆಂಚು, ಅದರ ಪಕ್ಕದಲ್ಲಿ ಒಂದೇ ಒಂದು ಪ್ಲಗ್ ಪಾಯಿಂಟ್. ಯಾರೋ ಪುಣ್ಯಾತ್ಮರು ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದ್ದರು. ನಾಲ್ಕು ಚಾರ್ಜರ್ ನೇತಾಡುತ್ತಿದ್ದವು.

ಒಂಬತ್ತೂವರೆ ಆಗಿರಬೇಕು. ಮಳವಳ್ಳಿ ಕಡೆಯ ಅಜ್ಜಿಯೊಬ್ಬರು ಬಂದರು. ಯಜಮಾನರನ್ನು ಸಂಜೆಯಷ್ಟೇ ಸೇರಿಸಿದ್ದರು. ಕೈಯಲ್ಲಿ ಕೀಪ್ಯಾಡ್ ಫೋನು. ಹಿಂದಿನ ಮುಚ್ಚಳ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಒತ್ತಿ ಒತ್ತಿ 5ರ ಅಂಕಿ ಪೂರ್ತಿ ಅಳಿಸಿಹೋಗಿತ್ತು.

"ಇದ್ಕೆ ಆಗೋ ಪಿನ್ನು ನಿಮ್ತವ ಐತೇನವ್ವ? ಮನೇಲಿತ್ತು, ಗಾಬ್ರೀಲಿ ಬಿಟ್ಟು ಬಂದ್ಬುಟ್ಟೆ. ಮಗ ಬೆಂಗ್ಳೂರಿಂದ ಬತ್ತಾವ್ನೆ. ಬಂದು ಫೋನ್ ಮಾಡ್ತೀನಿ ಅಂದವ್ನೆ."

ನೋಡಿದೆ. ಹಳೇ ಮೈಕ್ರೋ ಪಿನ್. ನನ್ನ ಹತ್ತಿರ ಇದ್ದದ್ದು ಟೈಪ್ ಸಿ. ಪಕ್ಕದಲ್ಲಿದ್ದ ಹುಡುಗನದ್ದೂ ಟೈಪ್ ಸಿ. ಅಜ್ಜಿ ಬೆಂಚಿನ ಉದ್ದಕ್ಕೂ ಒಬ್ಬೊಬ್ಬರನ್ನೇ ಕೇಳಿದರು, ವಾರ್ಡಿನ ಒಳಗೂ ಹೋಗಿ ಕೇಳಿ ಬಂದರು. ಎಲ್ಲರೂ ತಮ್ಮ ತಮ್ಮ ವೈರಿನ ತುದಿ ತೋರಿಸಿದರು. ಯಾವುದೂ ಕೂರಲಿಲ್ಲ. ಆಗ ಅಂದದ್ದು ಆ ಮಾತು. ಕೋಪ ಇರಲಿಲ್ಲ, ದೂರೂ ಇರಲಿಲ್ಲ. ತಪ್ಪು ತನ್ನದೇ ಅನ್ನೋ ಥರ ಹೇಳಿದರು. ನನಗೆ ಸಂಕಟವಾಗಿದ್ದು ಅದಕ್ಕೇ.

ಅಜ್ಜಿಯದ್ದು ಬೇರೆ ಆಗಿರಲಿಲ್ಲ. ಅವರದ್ದೇ "ಎಲ್ರದ್ದೂ" ಆಗಿದ್ದ ಕಾಲ ಇತ್ತು. ಮೊದಲು ನೋಕಿಯಾದ ದಪ್ಪ ಪಿನ್, ಆಮೇಲೆ ಸಣ್ಣ ಪಿನ್, ಒಂದೊಂದು ಕಂಪನಿಗೆ ಒಂದೊಂದು ಚಪ್ಪಟೆ ಪಿನ್. ಈ ಗೋಜಲು ಬೇಡ ಅಂತ 2009ರಲ್ಲಿ ಯುರೋಪಿನಲ್ಲಿ ದೊಡ್ಡ ದೊಡ್ಡ ಫೋನ್ ಕಂಪನಿಗಳು ಕೂತು, ಇನ್ನು ಮೈಕ್ರೋ ಯುಎಸ್‌ಬಿಯೇ ಎಲ್ಲರಿಗೂ ಅಂತ ಒಪ್ಪಿಕೊಂಡಿದ್ದವು. ಐದೇ ವರ್ಷ. 2014ರಲ್ಲಿ ಟೈಪ್ ಸಿ ಬಂತು. ನಡುವೆ 2012ರಲ್ಲಿ ಆಪಲ್ ತನ್ನ ಹಳೇ ಅಗಲದ ಪಿನ್ ಬಿಟ್ಟು ಲೈಟ್ನಿಂಗ್ ತಂದಿತು, 2023ರಲ್ಲಿ ಅದನ್ನೂ ಬಿಟ್ಟು ಟೈಪ್ ಸಿಗೆ ಬಂತು. ಯುರೋಪಿನಲ್ಲಿ ಕಾನೂನೇ ಆಯಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನಿಗೆಲ್ಲ ಟೈಪ್ ಸಿ ಇರಲೇಬೇಕು.

ಟೈಪ್ ಸಿ ಒಳ್ಳೆಯದೇ, ಅದನ್ನು ನಾನು ಬೈಯಲ್ಲ. ಮೇಲೆ ಕೆಳಗೆ ನೋಡಬೇಕಾಗಿಲ್ಲ, ಕತ್ತಲಲ್ಲೂ ಚುಚ್ಚಬಹುದು, ಲ್ಯಾಪ್‌ಟಾಪಿಗೂ ಆಗುತ್ತೆ. ಮೈಕ್ರೋ ಪಿನ್ನು ಎರಡು ವರ್ಷಕ್ಕೆ ಸಡಿಲ ಆಗಿ, ವೈರನ್ನು ಒಂದು ಕಡೆ ವಾಲಿಸಿ ಇಟ್ಟರೆ ಮಾತ್ರ ಚಾರ್ಜ್ ಆಗ್ತಿತ್ತು, ನೆನಪಿದೆ ಅಲ್ವಾ? ಆದರೆ ಹೊಸದು ಬಂದಾಗ ಹಳೆಯದನ್ನು ಇಟ್ಟುಕೊಂಡವರ ಗತಿ ಏನು ಅಂತ ಯಾರೂ ಯೋಚಿಸಲ್ಲ. ಅದೇ ನನ್ನ ಸಿಟ್ಟು. ಆ ಫೋನು ಕೆಟ್ಟಿಲ್ಲ, ಮಾತು ಸರಿಯಾಗಿ ಕೇಳಿಸುತ್ತೆ. ಬದಲಾವಣೆ ಬೇಕು ಅಂತ ಅಜ್ಜಿ ಯಾರನ್ನೂ ಕೇಳಿರಲಿಲ್ಲ.

ಮಗನ ನಂಬರ್ ಬಾಯಿಗೆ ಬರುತ್ತಾ ಅಂತ ಕೇಳಿದೆ. ಇಲ್ಲ. ಎಲ್ಲಾ ಫೋನಿನ ಒಳಗಿತ್ತು. ಒಂದು ಚೀಟಿಯಲ್ಲಿ ದಪ್ಪಗೆ ಬರೆದುಕೊಡೋಕೆ ಆ ಮಗನಿಗೆ ಏನಾಗಿತ್ತು ಅಂತ ಮನಸ್ಸಿನಲ್ಲೇ ಬೈದೆ. ಈಗಲೂ ಆ ಮಾತು ವಾಪಸ್ ತಗೊಳ್ಳಲ್ಲ.

ಸಿಮ್ ತೆಗೆದು ನನ್ನ ಫೋನಿಗೆ ಹಾಕೋಣ ಅಂತ ರಬ್ಬರ್ ಬ್ಯಾಂಡ್ ಬಿಚ್ಚಿ, ಬ್ಯಾಟರಿ ಎತ್ತಿದೆ. ಅಲ್ಲೂ ಅದೇ ಕಥೆ. ಅವರದ್ದು ಹೆಬ್ಬೆರಳಿನ ಉಗುರಿಗಿಂತ ದೊಡ್ಡ ಹಳೇ ಸಿಮ್, ನನ್ನ ಫೋನಿಗೆ ಬೇಕಾದ್ದು ನ್ಯಾನೋ. ಕತ್ತರಿಸಿದರೆ ಮತ್ತೆ ಅವರ ಫೋನಿನಲ್ಲಿ ನಿಲ್ಲಲ್ಲ. ಅಜ್ಜಿ ನನ್ನ ಕೈಯನ್ನೇ ನೋಡ್ತಿದ್ದರು. ಹಾಗೇ ವಾಪಸ್ ಹಾಕಿ ಮುಚ್ಚಿದೆ.

ಮನೆಯಲ್ಲಿ ಇಂಥ ವೈರುಗಳು ಒಂದು ಚೀಲ ತುಂಬ ಇದ್ದವು. ಆಯುಧ ಪೂಜೆಗೆ ಮನೆ ಕ್ಲೀನ್ ಮಾಡುವಾಗ ಗುಜರಿಯವರಿಗೆ ಕೊಟ್ಟುಬಿಟ್ಟೆ. ಇನ್ನು ಯಾರಿಗೆ ಬೇಕು ಅಂದುಕೊಂಡಿದ್ದೆ.

ಅತ್ತೆಯನ್ನು ಒಂದು ನಿಮಿಷ ನೋಡಿಕೊಳ್ಳಿ ಅಂತ ಸಿಸ್ಟರ್‌ಗೆ ಹೇಳಿ ಕೆಳಗೆ ಇಳಿದೆ. ಗೇಟಿನ ಎದುರು ಟೀ ಅಂಗಡಿಯವರು ಪಾತ್ರೆ ತೊಳೆಯುತ್ತಿದ್ದರು. ವಿಷಯ ಹೇಳಿದೆ. ಅವರು ಕೈ ಒರೆಸಿಕೊಂಡು, ದುಡ್ಡು ಬಂದರೆ ಕೂಗುತ್ತಲ್ಲ, ಆ ಸ್ಪೀಕರ್ ಡಬ್ಬಿಯನ್ನು ತಿರುಗಿಸಿದರು. ಹಿಂದೆ ಚುಚ್ಚಿದ್ದ ವೈರ್ ಮೈಕ್ರೋ ಪಿನ್ನಿನದು. ಎಳೆದು ಕೈಗೆ ಕೊಟ್ಟರು.

"ತಗೊಂಡೋಗಿ ಅಕ್ಕ. ಬೆಳಿಗ್ಗೆ ಕೊಡಿ."

ಹೆಸರು ಕೇಳಲಿಲ್ಲ, ವಾರ್ಡ್ ನಂಬರ್ ಕೇಳಲಿಲ್ಲ. ಬೆಳಿಗ್ಗೆ ಐದಕ್ಕೇ ಅಂಗಡಿ ತೆಗೆಯುವವರು, ಆ ಡಬ್ಬಿ ಕೂಗದಿದ್ದರೆ ಒಬ್ಬೊಬ್ಬರ ಫೋನನ್ನೂ ಇಣುಕಿ ನೋಡಬೇಕು. ಆದರೂ ಕೊಟ್ಟರು.

ಓಡಿ ಮೇಲೆ ಬಂದೆ. ವೈರಿನ ಇನ್ನೊಂದು ತುದಿ ಹಳೇ ಅಗಲದ ಯುಎಸ್‌ಬಿ. ನನ್ನ ಚಾರ್ಜರ್‌ನಲ್ಲಿ ಇದ್ದದ್ದು ಬರೀ ಟೈಪ್ ಸಿ ತೂತು. ನಿಜವಾಗಲೂ ಕಣ್ಣಲ್ಲಿ ನೀರು ಬಂತು. ಕೊನೆಗೆ ವಾರ್ಡ್ ಆಯಾ ತಮ್ಮ ಬ್ಯಾಗಿನಿಂದ ಹಳೇ ಅಡಾಪ್ಟರ್ ತೆಗೆದುಕೊಟ್ಟರು. ಮೂಲೆ ಒಡೆದಿತ್ತು, ಟೇಪ್ ಸುತ್ತಿತ್ತು. ಚುಚ್ಚಿದರೆ ಕೂತಿತು.

ಫೋನಿನ ಪರದೆಯಲ್ಲಿ ಬ್ಯಾಟರಿಯ ಚಿತ್ರ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕೂರದೆ, ಎಕ್ಸ್‌ಟೆನ್ಷನ್ ಬಾಕ್ಸ್ ಪಕ್ಕ ನೆಲದ ಮೇಲೇ ಕೂತರು. ತಲೆಯ ಮೇಲೆ ಎಲ್‌ಇಡಿ ಬಲ್ಬ್ ಉರಿಯುತ್ತಿತ್ತು. ಅದನ್ನೇ ನೋಡ್ತಾ ಊರಿನ ಅಜ್ಜನ ಮನೆ ನೆನಪಾಯಿತು. ಅಲ್ಲಿ ನಡುಮನೆಯಲ್ಲಿ ಕಪ್ಪು ಹೋಲ್ಡರ್ ಈಗಲೂ ಇದೆ. ಅದರಲ್ಲಿ ಮೊದಲು ಹಳದಿ ಬಲ್ಬ್ ಉರೀತು, ಆಮೇಲೆ ಸುರುಳಿಯಂಥ ಸಿಎಫ್‌ಎಲ್, ಈಗ ಎಲ್‌ಇಡಿ. ಉರಿಯುವ ವಸ್ತುವೇ ಪೂರ್ತಿ ಬದಲಾಯಿತು, ಹೋಲ್ಡರ್ ಬದಲಾಗಲಿಲ್ಲ. ಎರಡು ಮೊಳೆ, ಒತ್ತಿ ತಿರುಗಿಸಿದರೆ ಆಯ್ತು. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ಅಷ್ಟು ಹಿಂದೆಯೇ ಕರೆಂಟ್ ಕಂಡ ಸೀಮೆ ನಮ್ಮದು. ಗೋಡೆಯ ದುಂಡು ಪಿನ್ನಿನ ಪ್ಲಗ್ಗನ್ನು ಇಷ್ಟು ವರ್ಷ ಬದಲಾಯಿಸದೆ ನಡೆಸಿದ್ದೇವೆ. ಹೊಸ ಮಿಕ್ಸಿ ತಂದರೆ ಯಾರೂ ಗೋಡೆ ಒಡೆಯಲ್ಲ. ಗೋಡೆಯಲ್ಲಿ ಸಾಧ್ಯ ಆದದ್ದು ಅಂಗೈಯಲ್ಲಿ ಯಾಕೆ ಆಗಲ್ಲ?

ಹತ್ತು ನಿಮಿಷಕ್ಕೆ ಫೋನ್ ಆನ್ ಆಯಿತು. ಆನ್ ಆದ ತಕ್ಷಣ ಬಡಿದುಕೊಂಡಿತು.

"ಎಲ್ಲವ್ವ ಇದೀಯ? ಎಷ್ಟೊತ್ತಿಂದ ಮಾಡ್ತಾ ಇವ್ನಿ!"

"ಇಲ್ಲೇ ಇವ್ನಿ ಕಣ್ಲಾ, ಎರಡ್ನೇ ಮಾಡಿ. ನಿಮ್ಮಪ್ಪ ಮನ್ಗವ್ನೆ. ನೀ ಮೇಲ್ಕ್ ಬಾ."

ಮುಕ್ಕಾಲು ಗಂಟೆಯಿಂದ ಅವನು ಕೆಳಗಡೆ ಬೇರೆ ಕಟ್ಟಡದಲ್ಲಿ ಹುಡುಕುತ್ತಿದ್ದನಂತೆ.

ಬೆಳಿಗ್ಗೆ ವೈರ್ ವಾಪಸ್ ಕೊಟ್ಟೆ. ಮಧ್ಯಾಹ್ನ ಅತ್ತೆಯ ಮಾತ್ರೆ ತರಲು ಹೋದಾಗ ಒಂದು ಮೊಬೈಲ್ ಅಂಗಡಿಗೆ ಹೋಗಿ, ಮೈಕ್ರೋ ಪಿನ್ನಿನ ಚಾರ್ಜರ್ ಕೇಳಿದೆ. ಹುಡುಗ ನಕ್ಕ. "ಈಗ ಯಾರು ಮೇಡಂ ಅದನ್ನ ತಗೊಳ್ತಾರೆ? ಒಂದು ಟೈಪ್ ಸಿ ಫೋನೇ ಕೊಡಿಸಿಬಿಡಿ."

"ಫೋನ್ ಚೆನ್ನಾಗಿದೆಯಲ್ಲಪ್ಪ," ಅಂದೆ. ಅವನಿಗೆ ಅದು ಉತ್ತರ ಅನ್ನಿಸಲಿಲ್ಲ. ಕೆಳಗಿನ ಖಾನೆಯಲ್ಲಿ ಹುಡುಕಿ, ಧೂಳು ಊದಿ ಒಂದು ಕೊಟ್ಟ.

ಗುರುವಾರ ಅತ್ತೆಯ ಡಿಸ್ಚಾರ್ಜ್. ಹೊರಡುವಾಗ ಅಜ್ಜಿಗೆ ಚಾರ್ಜರ್ ಕೊಟ್ಟೆ. ಪಿನ್ನನ್ನು ಬೆರಳಲ್ಲಿ ಸವರಿ ನೋಡಿದರು, ಫೋನಿಗೆ ಒಂದು ಸಲ ಚುಚ್ಚಿ ತೆಗೆದರು. ಆಮೇಲೆ ರಬ್ಬರ್ ಬ್ಯಾಂಡ್ ಬಿಚ್ಚಿ, ಫೋನು ಚಾರ್ಜರು ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.